ತಡವಾಗಿ ಕಡಿದವರು

ಪೇಟೆ ಬೀದಿಯ ಕೊನೆಯಲ್ಲಿ, ಟೈರ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕಾದಂಥ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವಳನ್ನು ಊರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿತ್ತು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಹೇಳಿದ ದಿನಕ್ಕೆ ಬಟ್ಟೆ ಹೊಲಿದು ಕೊಡುತ್ತಿದ್ದಳು. ಆ ಕಸುಬಿನವರಲ್ಲಿ ಇದು ಸಣ್ಣ ಪವಾಡವೇ ಸರಿ. ಯಾರ ತಂಟೆಗೂ ಹೋದವಳಲ್ಲ. ಆದರೆ ವಾರಗಿತ್ತಿಯ ಮಾತು ಬಂತೆಂದರೆ ಸಾಕು, ಅವಳ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು.

ಇದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ. "ನಂಗೆ ಬಿಪಿ ಇಲ್ಲ, ಶುಗರ್ ಇಲ್ಲ. ಇರೋದು ಒಂದೇ ಕಾಯಿಲೆ, ನಮ್ಮಕ್ಕ" ಎಂದು ಔಷಧಿ ಅಂಗಡಿಯವನಿಗೆ ಹೇಳಿ ಅವನನ್ನೂ ನಗಿಸಿ ತಾನೂ ನಗುತ್ತಿದ್ದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಗಂಡನ ಅಣ್ಣನ ಹೆಂಡತಿ.

ಅಸೂಯೆ ಶುರುವಾದದ್ದು ಮಾತ್ರ ಇವಳಿಂದಲ್ಲ. ಮಾವ ಬದುಕಿದ್ದಾಗಲೇ ಇಬ್ಬರು ಗಂಡುಮಕ್ಕಳಿಗೆ ಜಮೀನು ಪಾಲು ಮಾಡಿ ಕೊಟ್ಟಿದ್ದ. ಹಿರಿಯವನಿಗೆ ರಸ್ತೆ ಪಕ್ಕದ ಸಮತಟ್ಟು ಜಾಗ. ಅದರಲ್ಲಿ ಮುಕ್ಕಾಲು ಭಾಗ ಕಾಡು, ಮಿಕ್ಕಿದ್ದರಲ್ಲಿ ಗೆಣಸು. ಕಿರಿಯವನಿಗೆ ಹಿಂದಿನ ಇಳಿಜಾರು; ಅದು ಬುಡದಿಂದ ನೆತ್ತಿಯವರೆಗೆ ದಟ್ಟ ಕಾಡು, ನಡುವೆ ಎಂಥ ಬೇಸಿಗೆಯಲ್ಲೂ ಬತ್ತದ ಒಂದು ಒರತೆ. ಆಗ ಎಲ್ಲರೂ ಕಿರಿಯವನ ಅದೃಷ್ಟವನ್ನೇ ಹೊಗಳಿದರು. ಅವನು ಬೆತ್ತದ ಕುರ್ಚಿ ಹೆಣೆಯುವವನು. ಬೆತ್ತ ಮನೆಯ ಹಿಂದೆಯೇ ಮರಗಳನ್ನು ತಬ್ಬಿಕೊಂಡು ಬೆಳೆಯುತ್ತಿತ್ತು. ಸೌದೆ, ಹಣ್ಣು, ಜೇನು, ನೀರು ಎಲ್ಲವೂ ಕೈಯಳತೆಯಲ್ಲಿ. ಆಗ ಹೊಟ್ಟೆ ಉರಿಸಿಕೊಂಡವಳು ವಾರಗಿತ್ತಿ. "ನಿಮಗೇನಮ್ಮ, ಕೂತಲ್ಲೇ ಎಲ್ಲ" ಎಂದು ಮೂಗೆಳೆಯುತ್ತಿದ್ದಳು. ಟೈಲರಮ್ಮ ಒರತೆಯಿಂದ ಅವರ ಮನೆಗೆ ಪೈಪು ಎಳೆದುಕೊಳ್ಳಲು ಒಪ್ಪಿದಾಗ ಆ ಒಪ್ಪಿಗೆಯಲ್ಲಿ ಕರುಣೆಗಿಂತ ಠೀವಿ ಹೆಚ್ಚಿತ್ತು.

ಕಾಲ ತಿರುಗಿದ್ದು ಎಣ್ಣೆ ಗಿರಣಿ ಬಂದಾಗ. ನದಿಯ ಆಚೆ ದಡದಲ್ಲಿ ದೊಡ್ಡ ತಗಡಿನ ಕಟ್ಟಡ ಎದ್ದಿತು, ಚಿಮಣಿ ಎದ್ದಿತು, ಮನೆಮನೆಗೆ ಏಜೆಂಟರು ಬಂದರು. ಅವರಲ್ಲೊಬ್ಬ ಹಿರಿಯವನ, ಎಂದರೆ ಟೈಲರಮ್ಮನ ಭಾವನ, ಜಗುಲಿಯ ಮೇಲೆ ಕೂತು ಚೀಲದಿಂದ ಬಿಸ್ಕತ್ತು ಪೊಟ್ಟಣ, ಸೋಪು, ಚಾಕೊಲೇಟು, ತುಟಿಗೆ ಹಚ್ಚುವ ಬಣ್ಣ ಒಂದೊಂದಾಗಿ ತೆಗೆದು ನೆಲದ ಮೇಲೆ ಜೋಡಿಸಿದ. ಟೈಲರಮ್ಮನೂ ಅಲ್ಲೇ ಇದ್ದಳು.

"ಇದರಲ್ಲೆಲ್ಲ ಇರೋದು ಒಂದೇ. ತಾಳೆ ಎಣ್ಣೆ. ಸಮುದ್ರದಾಚೆ ಜನ ಬೆಳಿಗ್ಗೆ ಹಲ್ಲುಜ್ಜೋದರಿಂದ ಹಿಡಿದು ರಾತ್ರಿ ಬಾಯಿ ಚಪ್ಪರಿಸೋವರೆಗೂ ಇದನ್ನೇ ಬಳಸ್ತಾರೆ. ನೀವು ಎಷ್ಟು ಬೆಳೆದ್ರೂ ಅವರಿಗೆ ಸಾಲಲ್ಲ" ಎಂದ ಏಜೆಂಟ.

"ಅವರ ದೇಶದಲ್ಲೇ ಬೆಳ್ಕೊಳ್ಳೋಕೆ ಏನಂತೆ?" ಎಂದಳು ಟೈಲರಮ್ಮ.

"ಅಲ್ಲಿ ಚಳಿಯಮ್ಮ. ಇದಕ್ಕೆ ನಮ್ಮಂಥ ಬಿಸಿಲು, ನಮ್ಮಂಥ ಮಳೆ ಬೇಕು. ಕಾಡು ಬೆಳೆಯೋ ಜಾಗವೇ ಬೇಕು."

ಭಾವ ಹೆಚ್ಚು ಯೋಚಿಸಲಿಲ್ಲ. ಆ ವರ್ಷವೇ ಕಾಡು ಕಡಿಸಿದ, ಬೆಂಕಿ ಹಾಕಿಸಿದ, ಗಿರಣಿಯವರು ಕೊಟ್ಟ ತಾಳೆ ಸಸಿ ನೆಟ್ಟ. ಮೊದಲ ಮೂರು ವರ್ಷ ಊರು ಅವನನ್ನು ನೋಡಿ ನಕ್ಕಿತು. ನಾಲ್ಕನೆಯ ವರ್ಷ ಮುಳ್ಳುಮುಳ್ಳಿನ ಕೆಂಪು ಗೊನೆಗಳು ಬಂದವು. ಆಮೇಲೆ ಯಾರೂ ನಗಲಿಲ್ಲ.

ಹಳೆ ಮನೆ ಬಿದ್ದು ಹೊಸ ಮನೆ ಎದ್ದಿತು. ನೀಲಿ ಛಾವಣಿ, ಹೊಳೆಯುವ ನೆಲ, ಒಂದೊಂದು ಕೋಣೆಗೂ ಎರಡೆರಡು ಕಿಟಕಿ. ವಾರಗಿತ್ತಿ ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಸ್ಟೂಲಿನ ಮೇಲಿದ್ದ ತುಂಡುಬಟ್ಟೆ ಸರಿಸಿ ಕೂತಳು.

"ಕರ್ಟನ್ ಹೊಲೀಬೇಕು ಕಣೇ. ಇವರು ಪಟ್ಟಣದಲ್ಲಿ ರೆಡಿಮೇಡ್ ತರೋಣ ಅಂದ್ರು. ನಾನೇ ಬೇಡ ಅಂದೆ. ಮನೇಲೇ ಹೊಲಿಯೋಳು ಇರುವಾಗ ಹೊರಗ್ಯಾಕೆ ದುಡ್ಡು ಸುರೀಬೇಕು, ಅಲ್ವಾ?"

ಮಾತು ಪ್ರೀತಿಯದೇ. ಆದರೆ 'ಹೊಲಿಯೋಳು' ಎಂಬ ಒಂದು ಪದ ಸೂಜಿಯ ಹಾಗೆ ಹೋಗಿ ಒಳಗೆ ಕೂತಿತು. ಟೈಲರಮ್ಮ ಮರುದಿನ ಅಳತೆಪಟ್ಟಿ ಹಿಡಿದು ಹೊಸ ಮನೆಯ ಕಿಟಕಿಗಳನ್ನೆಲ್ಲ ಅಳೆದಳು. ಬಚ್ಚಲ ಮನೆಗೂ ಒಂದು ಕಿಟಕಿ, ಅದಕ್ಕೂ ಒಂದು ಪರದೆ. ತನ್ನ ಮನೆಯಲ್ಲಿದ್ದ ಕಿಟಕಿಗಳು ಎರಡು. ಒಂದರ ಬಾಗಿಲು ಮುಚ್ಚುತ್ತಿರಲಿಲ್ಲ, ಇನ್ನೊಂದರದು ತೆರೆಯುತ್ತಿರಲಿಲ್ಲ.

ಅಳತೆ ಮುಗಿಸಿ ಹಿತ್ತಲ ಬಾಗಿಲಿಂದ ಹೊರಬಿದ್ದಾಗ ಅವಳಿಗೆ ಗಂಡ ಹೆಣೆದ ಕುರ್ಚಿ ಕಣ್ಣಿಗೆ ಬಿತ್ತು. ಅಣ್ಣನ ಹೊಸ ಮನೆಗೆಂದು ಅವನು ತಿಂಗಳುಗಟ್ಟಲೆ ಕೂತು, ಅತ್ಯುತ್ತಮ ಬೆತ್ತ ಆರಿಸಿ ಮಾಡಿ ಕೊಟ್ಟ ಒರಗು ಕುರ್ಚಿ ಅದು. ಹಜಾರದಲ್ಲಿ ಈಗ ಮೆತ್ತನೆಯ ಸೋಫಾ ಇತ್ತು. ಕುರ್ಚಿ ನೀರಿನ ಡ್ರಮ್ಮಿನ ಪಕ್ಕಕ್ಕೆ ಬಂದಿತ್ತು. ಅದರ ಮೇಲೆ ಒಂದು ಕೋಳಿ ರೆಕ್ಕೆ ಅಗಲಿಸಿಕೊಂಡು ಮೊಟ್ಟೆಯಿಡಲು ಕೂತಿತ್ತು.

ಟೈಲರಮ್ಮ ಮನೆಗೆ ಹೋದವಳೇ ಗಂಡನ ಎದುರು ನಿಂತಳು. ಅವನು ಅಂಗಳದಲ್ಲಿ ಕೂತು ಬೆತ್ತ ಸೀಳುತ್ತಿದ್ದ.

"ರೀ, ನಿಮ್ಮ ಕುರ್ಚಿ ತುಂಬ ಚೆನ್ನಾಗಿದೆಯಂತೆ."

"ಯಾರಂದ್ರು?" ಅವನ ಮುಖ ಅರಳಿತು.

"ಕೋಳಿ. ಅದರ ಮೇಲೆ ಮೊಟ್ಟೆ ಇಡ್ತಾ ಇದೆ."

ಅವನ ಕತ್ತಿ ಬೆತ್ತದ ನಡುವೆಯೇ ನಿಂತಿತು. ಅದಕ್ಕೆ ಮೊದಲು ಎರಡು ವರ್ಷದಿಂದ ಅವಳು ಕಾಡು ಕಡಿಸಿ ತಾಳೆ ಹಾಕೋಣ ಎಂದು ಪೀಡಿಸುತ್ತಲೇ ಇದ್ದಳು, ಅವನು "ಬೆತ್ತ ಎಲ್ಲಿಂದ ತರ್ಲಿ? ನೀರು ಎಲ್ಲಿಂದ ತರ್ಲಿ?" ಎಂದು ತಳ್ಳಿಹಾಕುತ್ತಲೇ ಇದ್ದ. ಸಿಟ್ಟು, ಮುನಿಸು, ಊಟ ಬಿಡುವುದು, ಯಾವುದಕ್ಕೂ ಜಗ್ಗಿರಲಿಲ್ಲ. ಆ ಕೋಳಿಗೆ ಜಗ್ಗಿದ. "ಕಡಿಸು. ಏನಾದ್ರೂ ಮಾಡ್ಕೋ" ಎಂದು ಕತ್ತಿ ಬದಿಗಿಟ್ಟು ಎದ್ದು ಹೋದ.

ಮರ ಕೊಯ್ಯುವವರು ಬಂದರು, ಯಂತ್ರ ಬಂತು. ಒಂದೊಂದು ಮರ ಬೀಳುವಾಗಲೂ ಅದನ್ನು ಹಬ್ಬಿದ್ದ ಬೆತ್ತ ಪಕ್ಕದ ಮರಗಳನ್ನೂ ಎಳೆಯುತ್ತಿತ್ತು. ಬಿಟ್ಟುಕೊಡಲಾರದೆ ಜಗ್ಗಾಡಿ, ಕಡೆಗೆ ಪಟಪಟನೆ ಹರಿಯುತ್ತಿತ್ತು. ಗಂಡ ಆ ದಿನಗಳಲ್ಲಿ ಮನೆಯಲ್ಲಿರಲಿಲ್ಲ, ಕುರ್ಚಿ ಮಾರುವ ನೆಪದಲ್ಲಿ ಪಟ್ಟಣಕ್ಕೆ ಹೋಗಿ ಕೂತಿದ್ದ. ಟೈಲರಮ್ಮ ಅಂಗಡಿ ಮುಚ್ಚಿ ಪೂರ್ತಿ ನಿಂತು ನೋಡಿದಳು. ಆಮೇಲೆ ಬೆಂಕಿ. ವಾರಗಟ್ಟಲೆ ಹೊಗೆ. ಹೊಲಿಯಲು ಬಂದ ಬಟ್ಟೆಗೆಲ್ಲ ಸುಟ್ಟ ವಾಸನೆ ಹತ್ತಿ, ಗಿರಾಕಿಗಳು ಮೂಸಿ ನೋಡಿ ಮುಖ ಕಿವುಚುತ್ತಿದ್ದರು. ಅವಳು ಲೆಕ್ಕಿಸಲಿಲ್ಲ. ಇನ್ನು ನಾಲ್ಕೇ ವರ್ಷ ಎಂದುಕೊಂಡಳು.

ಹೊಗೆ ಇಳಿದ ಬೆಳಿಗ್ಗೆ ಅಂಗಳಕ್ಕೆ ಬಂದು ತಲೆಯೆತ್ತಿದಳು. ಇಷ್ಟು ವರ್ಷ ಮರಗಳ ಮರೆಯಲ್ಲಿದ್ದದ್ದು ಈಗ ಕಣ್ಣೆದುರಿಗೇ ಇತ್ತು: ವಾರಗಿತ್ತಿಯ ನೀಲಿ ಛಾವಣಿ, ಅದರ ಮೇಲಿನ ನೀರಿನ ಟ್ಯಾಂಕು, ಹಗ್ಗದ ಮೇಲೆ ಒಣಗಲು ಹಾಕಿದ ಬಣ್ಣಬಣ್ಣದ ಬಟ್ಟೆ. ಹಲ್ಲುಜ್ಜುವಾಗ ಅದೇ, ಪಾತ್ರೆ ತೊಳೆಯುವಾಗ ಅದೇ, ತಲೆ ಬಾಚುವಾಗಲೂ ಅದೇ. ಮುಂಚೆ ಹೊಟ್ಟೆ ಉರಿಸಿಕೊಳ್ಳಬೇಕಾದರೆ ಅಷ್ಟು ದೂರ ನಡೆದುಹೋಗಬೇಕಿತ್ತು. ಈಗ ಕೂತಲ್ಲೇ ಎಲ್ಲ.

ಸಸಿ ನೆಟ್ಟ ಎರಡನೆಯ ಬೇಸಿಗೆಯಲ್ಲಿ ಒರತೆ ಸೊರಗಿತು. ಮೂರನೆಯ ಬೇಸಿಗೆಯಲ್ಲಿ ಕೆಸರು ಮಾತ್ರ ಉಳಿಯಿತು. ವಾರಗಿತ್ತಿಯ ಮನೆಯ ಪೈಪೂ ಒಣಗಿತು. ಟೈಲರಮ್ಮನಿಗೆ ನಿಜ ಹೇಳಬೇಕೆಂದರೆ ಅದರಲ್ಲಿ ಒಂಚೂರು ಸಮಾಧಾನವೇ ಆಯಿತು. ಆದರೆ ಭಾವ ಒಂದೇ ವಾರದಲ್ಲಿ ಕೊಳವೆಬಾವಿ ಕೊರೆಸಿದ, ನೀರು ಚಿಮ್ಮಿತು. ಇವಳು ಕೊಡ ಹೊತ್ತು ನದಿಗೆ ಹೋಗುವುದನ್ನು ಕಂಡು ವಾರಗಿತ್ತಿ ಗೇಟಿನಿಂದಲೇ ಕೂಗಿದಳು. "ಅಯ್ಯೋ, ಅಷ್ಟು ದೂರ ಯಾಕೆ ಹೋಗ್ತೀಯ? ನಮ್ಮ ನಲ್ಲೀಲೇ ಹಿಡ್ಕೊಂಡು ಹೋಗಬಾರದಾ?"

"ನದಿ ನೀರು ಮೈಗೆ ಒಳ್ಳೇದು ಅಕ್ಕ" ಎಂದಳು ಟೈಲರಮ್ಮ. ಕೊಡ ಸೊಂಟದ ಮೇಲೆ ಕಲ್ಲಿನಂತೆ ಕೂತಿತ್ತು.

ಗಂಡನಿಗೆ ಈಗ ಬೆತ್ತ ಬೇಕಾದರೆ ಆಚೆ ಗುಡ್ಡಕ್ಕೇ ಹೋಗಬೇಕಾಯಿತು. ಆ ಗುಡ್ಡ ಯಾವುದೋ ಪಟ್ಟಣದ ಮಾಲೀಕನದು. ಅವನು ಇತ್ತ ತಲೆ ಹಾಕಿದವನಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಗಂಡ ಸಂಜೆಗೆ ಒಂದು ಹೊರೆ ತರುತ್ತಿದ್ದ. ಅವನು ಬೈಯಲಿಲ್ಲ, ಹಂಗಿಸಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಅಂತೂ ಗೊನೆ ಬಂದವು. ಮೊದಲ ಫಸಲನ್ನು ಬಾಡಿಗೆ ವ್ಯಾನಿನಲ್ಲಿ ತುಂಬಿಸಿ, ತಾನೂ ಡ್ರೈವರನ ಪಕ್ಕ ಕೂತು ಗಿರಣಿಗೆ ಹೋದಳು. ಹೊಸ ರವಿಕೆ ಹೊಲಿದುಕೊಂಡಿದ್ದಳು, ಬೇರೆಯವರಿಗೆ ಹೊಲಿಯುವುದಕ್ಕಿಂತ ಹೆಚ್ಚು ಒಪ್ಪವಾಗಿ. ಗೇಟಿನ ಬಳಿಯ ಕಚೇರಿಯಲ್ಲಿ ಒಬ್ಬ ಹುಡುಗಿ ಕಂಪ್ಯೂಟರ್ ಪರದೆಯ ಮೇಲೆ ನಕ್ಷೆ ತೆರೆದು ಕೂತಿದ್ದಳು. ಅವಳಿಗೆ ಊರಿನವರು ಆಗಲೇ ನಕ್ಷೆಯಮ್ಮ ಎಂದು ಹೆಸರಿಟ್ಟಿದ್ದರು. ಜಮೀನು ಎಲ್ಲಿದೆ ಎಂದು ಕೇಳಿದಳು, ಬೆರಳಿನಿಂದ ನಕ್ಷೆ ಸರಿಸಿದಳು, ಮುಖ ಸಣ್ಣಗೆ ಮಾಡಿದಳು.

"ಅಮ್ಮಾ, ಇದನ್ನ ತಗೊಳ್ಳೋಕೆ ಆಗಲ್ಲ."

"ಯಾಕಮ್ಮ? ಹಣ್ಣಾಗಿಲ್ವಾ?"

"ಹಣ್ಣು ಚೆನ್ನಾಗೇ ಇದೆ. ಜಾಗ ಸರಿಯಿಲ್ಲ. ಎಣ್ಣೆ ಕೊಳ್ಳೋ ಹೊರದೇಶದವರು ಈಗ ಒಂದು ಗಡುವು ಹಾಕಿದ್ದಾರೆ. ಅದರ ನಂತರ ಕಾಡು ಕಡಿದು ಮಾಡಿದ ತೋಟದ್ದು ಅವರಿಗೆ ಬೇಡ. ನೋಡಿ, ಆಕಾಶದಿಂದ ತೆಗೆದ ಚಿತ್ರ. ಗಡುವಿನ ವರ್ಷ ನಿಮ್ಮ ಜಾಗ ಹೀಗಿತ್ತು."

ಟೈಲರಮ್ಮ ಬಗ್ಗಿ ನೋಡಿದಳು. ತನ್ನ ಇಳಿಜಾರು ಪರದೆಯ ಮೇಲೆ ಕಡುಹಸಿರು ಮಖಮಲ್ಲಿನ ತುಂಡಿನ ಹಾಗೆ ಬಿದ್ದುಕೊಂಡಿತ್ತು. ಪಕ್ಕದಲ್ಲೇ ಭಾವನ ಜಾಗ, ಗೆರೆ ಎಳೆದು ಗುಂಡಿ ಹೊಲಿದಂತೆ ಸಾಲುಸಾಲು ತಾಳೆ.

"ಇದು ನಮ್ಮ ಭಾವಂದು. ಇವರದ್ದು ತಗೋತೀರಲ್ಲ?"

"ತಗೋತೀವಿ. ಅದು ಆಗಲೇ ತೋಟ ಆಗಿತ್ತು."

"ಅದಕ್ಕೂ ಮುಂಚೆ ಅದೂ ಕಾಡೇ. ನನ್ನ ಕಣ್ಣಾರೆ ನೋಡಿದ್ದೀನಿ. ಬೆಂಕಿ ಹಾಕಿದಾಗ ನಾನೇ ನೀರು ಹೊತ್ತಿದ್ದೀನಿ!"

"ಇರಬಹುದಮ್ಮ. ಗಡುವಿಗೆ ಮುಂಚೆ."

"ಅಂದ್ರೆ ಬೇಗ ಕಡಿದವರು ಸಾಚಾಗಳು, ತಡವಾಗಿ ಕಡಿದವರು ಕಳ್ಳರಾ?"

ಹುಡುಗಿ ನಕ್ಷೆಯಿಂದ ಕಣ್ಣೆತ್ತಿದಳು. ಅವಳು ಕೆಟ್ಟವಳಲ್ಲ. "ಗೆರೆ ಎಲ್ಲಾದ್ರೂ ಎಳೀಲೇಬೇಕಲ್ಲಮ್ಮ. ಎಳೀದಿದ್ರೆ ನಾಳೆ ಆಚೆ ಗುಡ್ಡಾನೂ ಹೋಗುತ್ತೆ. ನಿಮ್ಮದು ಅನ್ಯಾಯ ಆಯ್ತು ಅಂತ ನಿಮಗೆ ಅನ್ಸೋದು ಸಹಜ."

ಅನ್ಯಾಯ ಎಂಬುದು ಸಣ್ಣ ಮಾತಾಯಿತು. ಇಷ್ಟು ವರ್ಷ ಟೈಲರಮ್ಮ ವಾರಗಿತ್ತಿಯ ಮನೆ ಕಂಡು ಕರುಬಿದ್ದಳು, ಸೋಫಾ ಕಂಡು, ಕೊಳವೆಬಾವಿ ಕಂಡು ಕರುಬಿದ್ದಳು. ಈಗ ಅವರ ಪಾಪಕ್ಕೂ ಕರುಬುವಂತಾಯಿತು. ಅವರದು ಹಳೆಯ ಪಾಪ, ಒಗೆದು ಇಸ್ತ್ರಿ ಮಾಡಿದ್ದು. ತನ್ನದು ಹೊಸದು, ಕಲೆ ಇನ್ನೂ ಹಸಿ. ವ್ಯಾನು ತುಂಬ ಗೊನೆ ಹೊತ್ತು ಹೋದದ್ದು ಹಾಗೇ ವಾಪಸು ಬಂತು. ಕಡಿದ ಗೊನೆ ದಿನ ಕಳೆದರೆ ಕೆಡುತ್ತದೆ; ಅಂಗಳದ ಮೂಲೆಯಲ್ಲಿ ಕೊಳೆತು ಹುಳಿವಾಸನೆ ಹಬ್ಬಿಸಿತು.

ಸುದ್ದಿ ಕೇಳಿ ವಾರಗಿತ್ತಿ ತಾನೇ ಬಂದಳು. ಮೂಗಿಗೆ ಸೆರಗು ಅಡ್ಡ ಹಿಡಿಯಲಿಲ್ಲ. ಅಷ್ಟು ಮರ್ಯಾದೆ ಅವಳಿಗಿತ್ತು.

"ಇದಕ್ಕೆ ಯಾಕೆ ತಲೆ ಕೆಡಿಸ್ಕೋತೀರ? ನಿಮ್ಮ ಗೊನೇನ ನಮ್ಮ ಲಾರೀಲಿ ಹಾಕಿ. ನಮ್ಮ ತೋಟದ್ದು ಅಂತ ಹೋಗುತ್ತೆ. ಯಾರು ಕೇಳ್ತಾರೆ?"

"ಒಳ್ಳೇದಾಯ್ತು ಅತ್ತಿಗೆ" ಎಂದ ಗಂಡ.

ಟೈಲರಮ್ಮನೂ "ಹೂಂ ಅಕ್ಕ" ಎಂದಳು. ಬೇರೆ ದಾರಿಯಿರಲಿಲ್ಲ.

ಆ ಒಂದು ವರ್ಷ ಅವಳ ಪಾಲಿಗೆ ಎಲ್ಲಕ್ಕಿಂತ ಕೆಟ್ಟದ್ದು. ಗೊನೆ ಹೋಯಿತು, ದುಡ್ಡು ಬಂತು, ಮನೆಗೆ ಹೊಸ ಕಿಟಕಿಯೂ ಬಂತು. ಆದರೆ ದುಡ್ಡು ಬರುತ್ತಿದ್ದದ್ದು ವಾರಗಿತ್ತಿಯ ಕೈಯಿಂದ. ಪ್ರತಿ ಸಲ ಹೊಸ ಮನೆಯ ಮೆಟ್ಟಿಲು ಹತ್ತಬೇಕು, ಸೋಫಾದ ಅಂಚಿನಲ್ಲಿ ಕೂರಬೇಕು, "ಎಣಿಸ್ಕೋ" ಎಂದರೆ "ನಿಮ್ಮದರಲ್ಲಿ ಏನು ಎಣಿಸೋದು ಅಕ್ಕ" ಎನ್ನಬೇಕು. ಒಂದು ದಿನ ವಾರಗಿತ್ತಿ ಒಳಗಿನಿಂದ ಹಳೆಯ ಮಿಕ್ಸಿ ತಂದು ಮಡಿಲಿಗೆ ಇಟ್ಟಳು.

"ನಮಗೆ ಹೊಸದು ಬಂತು. ಇದು ಚೆನ್ನಾಗೇ ಓಡುತ್ತೆ, ಸ್ವಲ್ಪ ಸದ್ದು ಜಾಸ್ತಿ ಅಷ್ಟೆ. ನೀನಿಟ್ಕೋ."

ಟೈಲರಮ್ಮ ಮಿಕ್ಸಿ ಅವುಚಿಕೊಂಡು ಇಳಿಜಾರು ಹತ್ತಿದಳು. ದಾರಿಯಲ್ಲಿ ಅದನ್ನು ಎತ್ತಿ ಕುಕ್ಕಬೇಕೆನಿಸಿತು. ಕುಕ್ಕಲಿಲ್ಲ, ಯಾಕೆಂದರೆ ಮನೆಯಲ್ಲಿ ಮಿಕ್ಸಿ ಇರಲಿಲ್ಲ.

ಆ ವಾರವೇ ನಕ್ಷೆಯಮ್ಮ ಅಂಗಡಿಗೆ ಬಂದಳು. ಗಿರಣಿಯವರು ಕೊಟ್ಟ ಸಮವಸ್ತ್ರದ ಅಂಗಿ ಭುಜದಲ್ಲಿ ಬಿಗಿ, ಬಿಡಿಸಿ ಕೊಡಬೇಕಿತ್ತು. ಟೈಲರಮ್ಮ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಅವಳ ಬೆನ್ನ ಹಿಂದೆ ನಿಂತಿದ್ದಳು. ಹುಡುಗಿ ಸುಮ್ಮನೆ ಮಾತಿಗೆ ಮಾತೆಂದು, "ನಿಮ್ಮ ಭಾವನವರ ತೋಟ ಈ ವರ್ಷ ಭಾರಿ ಫಸಲು ಕೊಡ್ತಿದೆಯಲ್ಲ. ಅದೇನು ಗೊಬ್ಬರ ಹಾಕ್ತಾರೋ" ಎಂದಳು.

ಬಾಯಲ್ಲಿ ಪಿನ್ನಿತ್ತು. ಮಾತಾಡದಿರಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಟೈಲರಮ್ಮ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗಿಗೆ ಚುಚ್ಚಿದಳು.

"ಗೊಬ್ಬರ ಅಲ್ಲ. ಅದರಲ್ಲಿ ಅರ್ಧ ನಮ್ಮದು" ಎಂದಳು.

ಹೇಳಿದ್ದು ಸತ್ಯವೇ. ಹೇಳಿಸಿದ್ದು ಸತ್ಯವಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಮುಂದಿನ ಲಾರಿಯನ್ನು ಗಿರಣಿಯ ಗೇಟಿನಲ್ಲೇ ನಿಲ್ಲಿಸಿದರು. ಅದರ ಮುಂದಿನದನ್ನೂ. ಭಾವನ ಜೊತೆಗಿನ ವ್ಯವಹಾರವೇ ಮುಗಿಯಿತು ಎಂದರು. ವಾರಗಿತ್ತಿ ಅಂಗಡಿಗೆ ಬಂದು, ಅದೇ ಸ್ಟೂಲಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತಳು. ಅವಳು ಅಳುವುದನ್ನು ಟೈಲರಮ್ಮ ನೋಡಿದ್ದು ಅದೇ ಮೊದಲು. ಒಂದು ಗಳಿಗೆ ಎದೆಯಲ್ಲಿ ಸಕ್ಕರೆ ಕರಗಿದಂತಾಯಿತು. ಆಮೇಲೆ ವಾರಗಿತ್ತಿ ಮೂಗು ಒರೆಸಿಕೊಂಡು ಹೇಳಿದಳು:

"ಯಾರೋ ಹೊಟ್ಟೆಕಿಚ್ಚಿನವರು ಹೇಳಿಕೊಟ್ಟಿದ್ದಾರೆ ಕಣೇ. ನಮ್ಮನ್ನ ಕಂಡ್ರೆ ಆಗದವರು. ನಮ್ಮ ಮೇಲಿನ ಹಗೆಗೆ ಪಾಪ ನಿಮ್ಮ ದುಡ್ಡೂ ನಿಂತುಹೋಯ್ತಲ್ಲ. ತಪ್ಪು ತಿಳ್ಕೋಬೇಡ."

ಸಕ್ಕರೆ ಕಹಿಯಾಯಿತು. ಟೈಲರಮ್ಮ ಎದ್ದು, ಟೈರ್ ಅಂಗಡಿಯ ಪಕ್ಕದ ಹೋಟೆಲಿನಿಂದ ಎರಡು ಟೀ ತರಿಸಿದಳು. ಅದಕ್ಕಿಂತ ಹೆಚ್ಚಿನದೇನೂ ಅವಳ ಕೈಯಲ್ಲಿ ಆಗಲಿಲ್ಲ.

ಗಂಡನನ್ನು ಮಾತ್ರ ಏಮಾರಿಸಲಾಗಲಿಲ್ಲ. "ನೀನೇ ಹೇಳಿದ್ದಾ?" ಎಂದ, ಊಟದ ತಟ್ಟೆಯಿಂದ ತಲೆಯೆತ್ತದೆ.

"ಹೂಂ."

"ಹೇಳೋದಾಗಿದ್ರೆ ಮೊದಲ ದಿನಾನೇ ಹೇಳಬಹುದಿತ್ತು. ವರ್ಷವಿಡೀ ದುಡ್ಡು ತಗೊಂಡು ಆಮೇಲೆ ಹೇಳಿದ್ಯಲ್ಲ." ಅಷ್ಟೇ. ಮತ್ತೆ ಅನ್ನ ಕಲಸತೊಡಗಿದ. ಒಂದಿಷ್ಟೂ ಕರುಬದೆ ಹೀಗೆ ಅನ್ನ ಕಲಸಿ ತಿನ್ನುವ ಅವನ ಮೇಲೂ ಅವಳಿಗೆ ಆ ಕ್ಷಣ ಹೊಟ್ಟೆ ಉರಿಯಿತು.

ಗೊನೆ ಬಹಳ ದಿನ ಕೊಳೆಯಲಿಲ್ಲ. ಇನ್ನೊಬ್ಬ ವ್ಯಾಪಾರಿ ಬಂದ. ಅವನು ನಕ್ಷೆ ನೋಡುವವನಲ್ಲ, ವರ್ಷ ಕೇಳುವವನಲ್ಲ. ಊರು ಅವನನ್ನು 'ಏನೂ ಕೇಳದವನು' ಎಂದೇ ಕರೆಯಿತು. ಅವನ ಎಣ್ಣೆ ಬೇರೆ ಬಂದರಿಗೆ, ಬೇರೆ ದೇಶಕ್ಕೆ ಹೋಗುತ್ತಿತ್ತಂತೆ. ಅಲ್ಲಿನವರಿಗೂ ಬಿಸ್ಕತ್ತು ಬೇಕು, ಸೋಪು ಬೇಕು. ಅದು ಎಲ್ಲಿಂದ ಬಂತೆಂಬ ಗೊಡವೆ ಬೇಡ. ಬೆಲೆ ಸ್ವಲ್ಪ ಕಡಿಮೆ, ತೂಕದಲ್ಲಿ ಸ್ವಲ್ಪ ಮೋಸ, ಆದರೆ ದುಡ್ಡು ಕೈಗೆ ಕೈ. ಎರಡೂ ಮನೆಯ ಗೊನೆ ಒಂದೇ ಲಾರಿಯಲ್ಲಿ, ಒಂದೇ ದರದಲ್ಲಿ ಹೋದವು. ಮದುವೆಯಾಗಿ ಬಂದಮೇಲೆ ಮೊದಲ ಸಲ ಟೈಲರಮ್ಮನೂ ವಾರಗಿತ್ತಿಯೂ ಸಮಸಮ. ಹೊಟ್ಟೆಯ ಒಲೆ ಆರಿತು. ಊಟ ರುಚಿಸಿತು. ವಾರಗಿತ್ತಿಗೆ ಒಂದು ರವಿಕೆ ಬಿಟ್ಟಿ ಹೊಲಿದುಕೊಟ್ಟಳು.

ಅದು ಒಂದು ಮಳೆಗಾಲ ಮಾತ್ರ ಉಳಿಯಿತು. ಗಿರಣಿಯ ಜೊತೆಗಿದ್ದಾಗ ಭಾವನಿಗೆ ಒಂದು ಅಂಕೆಯಿತ್ತು. ಹೊಸದಾಗಿ ಒಂದು ಮರ ಮುಟ್ಟಿದರೂ ಆಕಾಶದ ಕಣ್ಣಿಗೆ ಬೀಳುತ್ತದೆಂಬ ಭಯವಿತ್ತು. ಈಗ ಕೇಳುವವರೇ ಇಲ್ಲ. ಅವನು ಪಟ್ಟಣಕ್ಕೆ ಹೋಗಿ, ಆಚೆ ಗುಡ್ಡದ ಮಾಲೀಕನನ್ನು ಹುಡುಕಿ, ಗುಡ್ಡದ ಇತ್ತಲ ಮಗ್ಗುಲನ್ನು ಕೊಂಡುಬಿಟ್ಟ.

ಕಡಿಸುವ ಮುಂಚೆ ಜಾಗ ತೋರಿಸುತ್ತೇನೆಂದು ವಾರಗಿತ್ತಿ ಟೈಲರಮ್ಮನನ್ನು ಲಾರಿಯಲ್ಲಿ ಕೂರಿಸಿಕೊಂಡು ಹೋದಳು. ಗುಡ್ಡದ ಬುಡದಲ್ಲಿ ಇಬ್ಬರೂ ಇಳಿದರು. ಒಳಗೆ ತಂಪು, ಕತ್ತಲು, ಎಲ್ಲೋ ನೀರಿನ ಸದ್ದು. ಮರದಿಂದ ಮರಕ್ಕೆ ತೋಳುಗಾತ್ರದ ಬೆತ್ತ. ಟೈಲರಮ್ಮ ಕತ್ತೆತ್ತಿ ನೋಡಿದಳು. ಅವಳ ಮನಸ್ಸಿಗೆ ಮೊದಲು ಬಂದದ್ದು ಮರಗಳ ಯೋಚನೆಯಲ್ಲ, ಗಂಡನ ಬೆತ್ತದ ಯೋಚನೆಯೂ ಅಲ್ಲ. ಇದೂ ಇವಳದೇ ಆಯಿತಲ್ಲ ಎಂಬುದು. ಎರಡನೆಯದಾಗಿ ಬಂದದ್ದು, ಆ ದಿನ ಪಿನ್ನು ಬಾಯಲ್ಲೇ ಇದ್ದಿದ್ದರೆ ಈ ಗುಡ್ಡ ಇವಳದಾಗುತ್ತಿರಲಿಲ್ಲ ಎಂಬುದು.

"ಇವರಿಗೆ ಹೇಳಿದ್ದೀನಿ" ಎಂದಳು ವಾರಗಿತ್ತಿ, ಅವಳ ಭುಜ ಹಿಡಿದು. "ಮೇಲಿನ ತುಂಡು ನಿಮಗೆ ಕೊಡೋಣ ಅಂತ. ನಿಧಾನಕ್ಕೆ ತೀರಿಸಿದ್ರಾಯ್ತು. ಒಬ್ಬರಿಗೊಬ್ಬರು ಆಗದಿದ್ರೆ ಹೇಗೆ?"

"ಬೇಡ ಅಕ್ಕ."

"ಯಾಕೇ? ಮೈದುನಂಗೆ ನಾನೇ ಹೇಳ್ತೀನಿ ಬಿಡು."

"ಅವರಲ್ಲ. ನಂಗೇ ಬೇಡ."

ಕಾಡಿನ ಮೇಲಿನ ಮಮತೆಗೆ ಅವಳು ಹಾಗೆಂದಳು ಎಂದು ಯಾರಾದರೂ ತಿಳಿದರೆ ತಪ್ಪು. ಇನ್ನೊಂದು ಸಲ ಆ ಕೈಯಿಂದ ಈಸಿಕೊಂಡು ಹಲ್ಲು ಕಿರಿಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ, ಅಷ್ಟೆ. ಅವಳು ಬೇಡವೆಂದದ್ದರಿಂದ ಒಂದು ಮರವೂ ಉಳಿಯಲಿಲ್ಲ. ಮೇಲಿನ ತುಂಡನ್ನು ಭಾವ ತಾನೇ ಇಟ್ಟುಕೊಂಡ. ಬೇಸಿಗೆ ಹುಟ್ಟುತ್ತಿದ್ದಂತೆ ಯಂತ್ರಗಳು ಹತ್ತಿದವು.

ಅದಕ್ಕೆ ಮೊದಲು ಗಂಡ ಎರಡು ಬುಟ್ಟಿ ಹೊತ್ತು ಗುಡ್ಡಕ್ಕೆ ಹೋಗಿ ಬಂದಿದ್ದ. ಬೆತ್ತದ ಎಳೆಯ ಸಸಿಗಳನ್ನು ಬೇರು ಸಮೇತ ಕಿತ್ತು ತಂದು, ಮನೆಯ ಹಿಂದೆ ಪ್ಲಾಸ್ಟಿಕ್ ಚೀಲಗಳಲ್ಲಿ ನೆಟ್ಟ. ಕಾಡಿಲ್ಲದಿದ್ದರೆ ಬೇಡ, ತಾಳೆಮರಕ್ಕೇ ಹಬ್ಬಿಸಿ ನೋಡುತ್ತೇನೆ ಎಂದ. ಬೆತ್ತ ಕೈಗೆ ಬರಲು ಎಷ್ಟು ವರ್ಷ ಬೇಕೆಂದು ಅವನಿಗೆ ಗೊತ್ತು. ಊರಿನವರಿಗೂ ಗೊತ್ತು, ಅದಕ್ಕೇ ನಕ್ಕರು. ಟೈಲರಮ್ಮನೂ ಮೊದಮೊದಲು ಮೂಗು ಮುರಿದಳು. ಆಮೇಲೆ ಪಾತ್ರೆ ತೊಳೆದ ನೀರನ್ನು ಅವಕ್ಕೆ ಸುರಿಯತೊಡಗಿದಳು; ಹೇಗಿದ್ದರೂ ಚೆಲ್ಲುವ ನೀರು ಎಂದು ತನಗೆ ತಾನೇ ಹೇಳಿಕೊಂಡಳು. ಅವನು ಚೀಲದಿಂದ ಚೀಲಕ್ಕೆ ಬಗ್ಗಿ, ಹೊಸ ಎಲೆ ಬಂತೇ ಎಂದು ನೋಡುತ್ತ ಗುನುಗುವಾಗ ಅವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಆಚೆ ಗುಡ್ಡ ಬೋಳಾದ ವರ್ಷ ಪಟ್ಟಣದಲ್ಲಿ ಬೆತ್ತದ ಬೆಲೆ ಏರಿತು. ಒಂದು ಭಾನುವಾರ ವಾರಗಿತ್ತಿ ಬಂದು ಅಂಗಳದಲ್ಲಿ ಕೂತಳು. ಟೀ ಕುಡಿಯುತ್ತ, ಬೆತ್ತದ ಸಾಮಾನಿಗೆ ಈಗ ಭಾರಿ ಗಿರಾಕಿಯಂತೆ, ಪಟ್ಟಣದವರು ಸೋಫಾ ಬಿಸಾಕಿ ಅದನ್ನೇ ಕೊಳ್ಳುತ್ತಿದ್ದಾರಂತೆ ಎಂದಳು. ಆಮೇಲೆ ಮೈದುನನ ಕಡೆ ತಿರುಗಿದಳು.

"ನೀನೇನೋ ಸಸಿ ಮಾಡಿದ್ದೀಯಂತಲ್ಲಪ್ಪ. ನಮಗೂ ಒಂದಿಷ್ಟು ಕೊಡು. ನಮ್ಮ ತೋಟದಲ್ಲಿ ಜಾಗ ಬೇಕಾದಷ್ಟಿದೆ."

ಗಂಡ ಹೂಂ ಎನ್ನಲು ಬಾಯಿ ತೆರೆದ. ಕೊಡುವವನೇ ಅವನು.

"ಅಯ್ಯೋ, ಎಲ್ಲ ಖಾಲಿಯಾಯ್ತಲ್ಲ ಅಕ್ಕ" ಎಂದಳು ಟೈಲರಮ್ಮ. "ಇದ್ದಬದ್ದವೆಲ್ಲ ಒಣಗಿಹೋದವು."

ಅವಳ ಬೆನ್ನ ಹಿಂದೆ, ತೆರೆದ ಬಾಗಿಲಿನಾಚೆ, ಕಪ್ಪು ಚೀಲಗಳಲ್ಲಿ ಸಸಿಗಳು ಸಾಲುಸಾಲಾಗಿ ನಿಂತಿದ್ದವು. ಬೆಳಿಗ್ಗೆ ತಾನೇ ನೀರು ಕಂಡ ಎಲೆಗಳು ಬಿಸಿಲಿಗೆ ಮಿಂಚುತ್ತಿದ್ದವು. ಗಂಡ ಹೆಂಡತಿಯ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ, ಬಾಯಿ ಮುಚ್ಚಿಕೊಂಡ. ವಾರಗಿತ್ತಿಯ ಕಣ್ಣು ಬಾಗಿಲಿನಾಚೆ ಹೋಗಿ ಅಲ್ಲೇ ಒಂದು ಗಳಿಗೆ ನಿಂತಿತು.

"ಹೌದಾ? ಪಾಪ" ಎಂದು ಅವಳು ಲೋಟ ಮುಂದೆ ಚಾಚಿದಳು. "ಇನ್ನೊಂದು ಚೂರು ಟೀ ಹಾಕು."

ಟೈಲರಮ್ಮ ಲೋಟದ ಅಂಚಿನವರೆಗೂ ಹಾಕಿದಳು.